ಅರಗಿನ ಮುದ್ರೆ ಬಿದ್ದ ರೇಡಿಯೋ

ಅವ್ವನಿಗೆ ತನ್ನ ಹಿರಿಮಗಳ ದನಿ ಕೇಳಬೇಕೆಂದರೆ ಸರ್ಕಾರದ ರೇಡಿಯೋ ಒಂದೇ ದಾರಿ. ಅಕ್ಕ ಹೈದರಾಬಾದಿನ ರೇಡಿಯೋ ಕೇಂದ್ರದಲ್ಲಿ ಕನ್ನಡ ಓದುವ ಕೆಲಸಕ್ಕೆ ಸೇರಿ, ಅಲ್ಲೇ ಬೇರೆ ಮತದವನನ್ನು ಮದುವೆಯಾಗಿದ್ದಳು. ಅಪ್ಪ ಔರಾದದಲ್ಲಿ ಮಿಷನ್ ಶಾಲೆಯ ಹೆಡ್‌ಮಾಸ್ತರ, ಚರ್ಚಿನಲ್ಲಿ ಮುಂದಿನ ಬೆಂಚಿನ ಮನುಷ್ಯ. ಇನ್ನು ಈ ಮನೆಯಲ್ಲಿ ಅವಳ ಹೆಸರೆತ್ತಕೂಡದು ಎಂದುಬಿಟ್ಟ. ಅವಳ ಪತ್ರ ಬಂದರೆ ಒಡೆಯದೆ ಒಲೆಗೆ ಹಾಕುತ್ತಿದ್ದ. ಎಂಥ ಹಟವಪ್ಪಾ ಅದು! ಈಗ ನೆನೆದರೂ ನನ್ನ ಮೈ ಉರಿಯುತ್ತದೆ.

ಆ ರೇಡಿಯೋ ಪೆಟ್ಟಿಗೆ ಊರ ಚಾವಡಿಯಲ್ಲಿತ್ತು. ಊರಿಗೆಲ್ಲ ಸೇರಿ ಒಂದೇ. ನಿಜಾಮರ ಕಾಲದಲ್ಲಿ ನಾವು ಕೇಳಿದ ರೇಡಿಯೋ ಉರ್ದುವಿನಲ್ಲಿ ಅವರನ್ನೇ ಹೊಗಳುತ್ತಿತ್ತು. ಅವರ ಆಳ್ವಿಕೆ ಮುಗಿದ ಮೇಲೆ ಬಂದ ರೇಡಿಯೋ ಬಂದವರನ್ನು ಹೊಗಳಿತು. ಅಧಿಕಾರದಲ್ಲಿ ಯಾರಿದ್ದಾರೆಂದು ನಮ್ಮೂರಿಗೆ ಮೊದಲು ತಿಳಿಯುತ್ತಿದ್ದದ್ದು ಹಾಗೇ. ಪೆಟ್ಟಿಗೆಯ ಬೀಗದ ಕೈ ಅಪ್ಪನ ಹತ್ತಿರ. ಸಂಜೆ ಅವನೇ ಹಚ್ಚಬೇಕು, ಅವನೇ ಆರಿಸಬೇಕು, ಬೇರೆ ಯಾರೂ ಮುಟ್ಟುವಂತಿಲ್ಲ.

ಹೆಂಗಸರು ಚಾವಡಿ ಹತ್ತುವ ಪದ್ಧತಿ ಇರಲಿಲ್ಲ. ಅವ್ವ ಹೊರಗೋಡೆಗೆ ಒರಗಿ, ಮೊರದಲ್ಲಿ ಜೋಳ ಹಾಕಿಕೊಂಡು ಕಲ್ಲು ಆರಿಸುತ್ತ ಕೂರುತ್ತಿದ್ದಳು. ಒಳಗಿನಿಂದ ಅಕ್ಕನ ದನಿ ಬರುತ್ತಿತ್ತು. ಕೂಸಿಗೆ ಭೇದಿಯಾದರೆ ಏನು ಕುಡಿಸಬೇಕು, ಕಾಳಿಗೆ ಹುಳ ಹತ್ತದಂತೆ ಹೇಗಿಡಬೇಕು, ಇಂಥವೇ ಮಾತು. ಅವ್ವನಿಗೆ ಕೂಸೂ ಬೇಕಿರಲಿಲ್ಲ, ಹುಳವೂ ಬೇಕಿರಲಿಲ್ಲ. ಮನೆಗೆ ಬಂದು ನನ್ನ ಕಿವಿಯಲ್ಲಿ ಹೇಳುವಳು:

“ಇವತ್ತ ಆಕಿಗಿ ಕೆಮ್ಮಿತ್ತು. ಮಳ್ಯಾಗ ನೆಂದಾಳ ಕಾಣ್ತದ.”

ಬೀದರ್ ಮೈಸೂರು ರಾಜ್ಯಕ್ಕೆ ಸೇರಿದಾಗ ಅಪ್ಪ ಶಾಲೆಯ ಮಕ್ಕಳಿಗೆಲ್ಲ ಪೇಡೆ ಹಂಚಿದ. ಕನ್ನಡದವರು ಕನ್ನಡದವರ ಜೊತೆ ಇರಬೇಕೆಂದು ವರ್ಷಗಟ್ಟಲೆ ಗಂಟಲು ಹರಿದುಕೊಂಡವನು ಅವನು. ಆದರೆ ಔರಾದದಲ್ಲಿ ಮರಾಠಿಯವರೂ ಇದ್ದರು, ತೆಲುಗಿನವರೂ ಇದ್ದರು. ಚಾವಡಿ ರೇಡಿಯೋದಲ್ಲಿ ಯಾವ ಊರು ಹಚ್ಚಬೇಕೆಂದು ಜಗಳ ಎದ್ದಿತು. ಬೀದರಿನಿಂದ ಒಬ್ಬ ಸಾಹೇಬ, ಒಬ್ಬ ಮೆಕ್ಯಾನಿಕ್ ಬಂದರು. ಧಾರವಾಡ ಹಚ್ಚಿದರೆ ಗಾಳಿಯ ಸದ್ದು ಬಿಟ್ಟು ಏನೂ ಬರುವುದಿಲ್ಲ, ಹೈದರಾಬಾದೇ ಇರಲಿ ಎಂದು ಮೆಕ್ಯಾನಿಕ್ಕೇ ಹೇಳಿದ. ಅಷ್ಟರಲ್ಲಿ ಅಂಗಡಿಯವನೊಬ್ಬ ನಕ್ಕ:

“ಇರ್ಲಿ ಬಿಡ್ರಿ ಸಾಹೇಬ್ರ. ಮಾಸ್ತರ್‍ಗೂ ಅದೇ ಬೇಕಾಗ್ಯದ. ಮಗಳ ದನಿ ಕೇಳ್ಬೇಕಲ್ರಿ!”

ಚಾವಡಿಯೆಲ್ಲ ನಕ್ಕಿತು. ಅಪ್ಪ ಎದ್ದು ನಿಂತ.

“ನಂಗ ಅಲ್ಲಿ ಯಾವ ಮಗಳೂ ಇಲ್ಲ. ರಾಜ್ಯ ನಮ್ದು ಬಂದದ, ರೇಡಿಯೋನೂ ನಮ್ದೇ ಹಚ್ಚೋಣು. ಧಾರವಾಡಕ್ಕ ತಿರುಗಿಸಿ ಮುದ್ರಿ ಒತ್ತಿಬಿಡ್ರಿ, ಯಾರೂ ತಿರುಗಿಸಬಾರ್ದು.”

ಮೆಕ್ಯಾನಿಕ್ ಮುಳ್ಳನ್ನು ಧಾರವಾಡಕ್ಕೆ ತಂದು, ತಿರುಗಣಿ ಕಿತ್ತು, ಅಲ್ಲಿ ಅರಗು ಕರಗಿಸಿ ಮುದ್ರೆ ಒತ್ತಿದ. ಅಪ್ಪ ತನ್ನ ಕಾಲ ಮೇಲೆ ತಾನೇ ಕಲ್ಲು ಎತ್ತಿಹಾಕಿಕೊಂಡ. ಗೋಡೆಯಾಚೆ ಕೂತ ಅವ್ವನಿಗೆ ಎಲ್ಲವೂ ಕೇಳಿಸಿತ್ತು. ಅವಳು ಜೋಳದ ಕಲ್ಲು ಆರಿಸುತ್ತಲೇ ಇದ್ದಳು.

ನಾನಾಗ ಭಾಲ್ಕಿಯಲ್ಲಿ ಕನ್ಯಾಶಾಲೆಯ ಟೀಚರು. ಶನಿವಾರ ಬಸ್ಸು ಹತ್ತಿ ಊರಿಗೆ ಬರುತ್ತಿದ್ದೆ. ಸಂಜೆ ಚಾವಡಿಯಿಂದ ಬಿಸಿ ಎಣ್ಣೆಗೆ ಸಾಸಿವೆ ಬಿದ್ದಂಥ ಸದ್ದು. ಕೇಳಲು ಯಾರೂ ಇಲ್ಲ. ಅಪ್ಪ ಒಬ್ಬನೇ ಅದರ ಮುಂದೆ ಬೆನ್ನು ನೆಟ್ಟಗೆ ಮಾಡಿ ಕೂತಿರುತ್ತಿದ್ದ. ಹೊರಗೆ ಅವ್ವ, ಅದೇ ಗೋಡೆ, ಅದೇ ಮೊರ.

“ಅವ್ವಾ, ಅದ್ರಾಗ ಬರೇ ಗಾಳಿ ಬರ್ತದ. ಯಾಕ ಕೂಡ್ತಿ ಇಲ್ಲಿ?”

“ಗಾಳಿ ಹಿಂದ ಆಕಿ ಇರ್ತಾಳಲ್ಲ” ಎಂದಳು.

ಅವತ್ತು ನಾನು ಅಪ್ಪನ ಮೇಲೆ ಹರಿಹಾಯ್ದೆ. “ನಿಮಗ ನಿಮ್ಮ ರಾಜ್ಯ ಸಿಕ್ತು. ಅವ್ವಗ ಆಕಿ ಮಗಳು ಬ್ಯಾಡೇನ್ರಿ?” ಭಾಲ್ಕಿಯಿಂದ ಕದ್ದು ಅಕ್ಕನಿಗೆ, ಅವಳ ಲಕೋಟೆಗಳ ಮೇಲೆ ಕಂಡಿದ್ದ ವಿಳಾಸಕ್ಕೆ, ಪತ್ರ ಬರೆದೆ. ಆ ವಿಳಾಸದಲ್ಲಿ ಯಾರೂ ಇಲ್ಲವೆಂದು ಅದು ತಿರುಗಿ ಬಂತು. ಅವ್ವನ ಮುಂದೆ ಆ ಮಾತು ತೆಗೆಯುವ ಧೈರ್ಯ ನನಗಾಗಲಿಲ್ಲ.

ಮುಂದೆ ಅವ್ವ ಹಾಸಿಗೆ ಹಿಡಿದಳು. ಬೀದರಿನ ಮಿಷನ್ ಆಸ್ಪತ್ರೆಯಲ್ಲಿಟ್ಟುಕೊಂಡು ನೋಡಿ, ಇನ್ನು ಮನೆಗೆ ಕರೆದುಕೊಂಡು ಹೋಗಿ ಎಂದರು. ಅಂಗಳದಲ್ಲಿ ಮಂಚ ಹಾಕಿ ಮಲಗಿಸಿದೆವು. ಗಂಜಿ ಬೇಡ, ನೀರು ಬೇಡ. ಒಂದು ಇಳಿಹೊತ್ತು ಅಪ್ಪನ ಕೈ ಹಿಡಿದು ಕೇಳಿದಳು:

“ಒಮ್ಮಿ ಹೈದರಾಬಾದ ಹಚ್ರಿ.”

ಅಪ್ಪ ಎದ್ದುಹೋದ. ಬರುವಾಗ ಸರ್ಕಾರದ ರೇಡಿಯೋ ಅವನ ಹೆಗಲ ಮೇಲಿತ್ತು, ಬ್ಯಾಟರಿ ಹೊತ್ತ ಚಾವಡಿಯ ತಳವಾರ ಹಿಂದೆ. ಮುದ್ರೆ ಒಡೆದಿತ್ತು. ಅಪ್ಪನ ಉಗುರಿನ ಸಂದಿಯಲ್ಲಿ ಕೆಂಪು ಅರಗು. ಪೆಟ್ಟಿಗೆ ಮುಟ್ಟಿದವರಿಗೆ ಬಡಿಯಲು ಹೋಗುತ್ತಿದ್ದ ಮನುಷ್ಯ! ಬೇವಿನ ಮರಕ್ಕೆ ತಂತಿ ಕಟ್ಟಿ, ತಿರುಗಣಿ ಇಲ್ಲದ ಕಡ್ಡಿಯನ್ನು ಇಕ್ಕಳದಿಂದ ಹಿಡಿದು ತಿರುಗಿಸಿದ. ಹೈದರಾಬಾದು ಸ್ವಚ್ಛವಾಗಿ ಬಂತು. ಅಕ್ಕನ ಹೊತ್ತೇ ಅದು. ಆದರೆ ಮಾತಾಡುತ್ತಿದ್ದವಳು ಯಾರೋ ಬೇರೆ ಹೆಂಗಸು, ತೆಲುಗಿನಲ್ಲಿ.

ಕನ್ನಡದ ಜಿಲ್ಲೆಗಳು ಬಿಟ್ಟುಹೋದ ಮೇಲೆ ಅಲ್ಲಿ ಅಕ್ಕನ ಕಾರ್ಯಕ್ರಮ ನಿಂತಿತ್ತು, ಅವಳು ಗಂಡನ ಜೊತೆ ಬೇರೆ ಊರಿಗೆ ಹೋಗಿದ್ದಳು. ಇದು ನಮಗೆ ಗೊತ್ತಾದದ್ದು ಆಮೇಲೆ. ಅಪ್ಪ ಇಕ್ಕಳ ಹಿಡಿದು ಆ ಕಡೆ ಈ ಕಡೆ ತಿರುಗಿಸಿದ, ಮತ್ತೆ ಅಲ್ಲಿಗೇ ಬಂದ. ಅವ್ವ ಕಣ್ಣು ತೆರೆದಳು.

“ಆಕೀನೇ. ದನಿ ಬದಲಾಗ್ಯದ ನೋಡ್ರಿ. ನೆಗಡಿ ಬಂದದೇನು?”

ನಾನು ಬಾಯಿ ತೆರೆದೆ. ಅಪ್ಪ ಕೈ ಎತ್ತಿ ನನ್ನನ್ನು ತಡೆದ.

“ಹೂಂ, ನೆಗಡಿ ಬಂದದ.”

“ತೆಲಗ ಮಾತಾಡ್ಲಾಕ ಹತ್ಯಾಳಲ್ಲ?”

“ಶಾಣ್ಯಾಕಿ ಇದ್ದಾಳ ನಮ್ಮ ಹುಡುಗಿ. ಅದನ್ನೂ ಕಲ್ತಾಳ.”

ಅವ್ವನ ಮುಖ ಅರಳಿತು. “ಉಂಡಾಳೋ ಇಲ್ಲೋ, ಕೇಳ್ರಿ ಒಮ್ಮಿ.”

ಅಪ್ಪ ನೆಲಕ್ಕೆ ಮಂಡಿಯೂರಿ, ಪೆಟ್ಟಿಗೆಯ ಹತ್ತಿರ ಮುಖ ತಂದ. ಅಕ್ಕ ಮನೆ ಬಿಟ್ಟ ಮೇಲೆ ಅವಳ ಜೊತೆ ಒಂದು ಮಾತೂ ಆಡದವನು ಮೆಲ್ಲಗೆ ಕೇಳಿದ:

“ಊಟ ಆಯ್ತೇನವ್ವಾ?”

ಆ ಹೆಂಗಸು ತೆಲುಗಿನಲ್ಲಿ ಶೇಂಗಾದ ದರ ಹೇಳುತ್ತಲೇ ಇದ್ದಳು. ಅಪ್ಪ ಕಿವಿಗೊಟ್ಟು ಕೇಳಿ, ಅವ್ವನ ಕಡೆ ತಿರುಗಿ, “ಆಗ್ಯದಂತ” ಎಂದ.