ದಿನಾಂಕವಿಲ್ಲದ ಹಲಗೆ

ನೀರೆಲ್ಲಿ ಮುಗಿಯಿತು, ಬಾನೆಲ್ಲಿ ಶುರುವಾಯಿತು ಎಂದು ಕಣ್ಣಿಗೆ ಇನ್ನೂ ತಿಳಿಯದ ಹೊತ್ತು. ಮೆಲ್ಡ್ರಮ್ ಕೊಲ್ಲಿಯ ಮರದ ಜೆಟ್ಟಿಯ ತುದಿಯಲ್ಲಿ ವೆರ್ನಾ ಪೆಂಗೆಲಿ ಮಂಡಿಯೂರಿ ಕೂತಿದ್ದಾರೆ. ದೂರದಿಂದ ನೋಡಿದವರಿಗೆ ಪ್ರಾರ್ಥನೆಯಂತೆ ಕಾಣುತ್ತದೆ. ಹತ್ತಿರ ಹೋದರೆ ಉಪ್ಪುಗಾಳಿ ತಿಂದ ಹಲಗೆಯನ್ನು ಉಜ್ಜುವ ಸದ್ದು. ಪಕ್ಕದಲ್ಲಿ ಫ್ಲಾಸ್ಕಿನ ಚಹಾ, ಎರಡು ಬಣ್ಣದ ಡಬ್ಬಿ. ಪ್ರತಿವರ್ಷ ಈ ದಿನ ಅವರು ಬಿಳಿ ಡಬ್ಬಿ ಮಾತ್ರ ತರುತ್ತಾರೆ. ಇವತ್ತು ಕರಿಯದೂ ಇದೆ.

ಜೆಟ್ಟಿಯ ಕಟಕಟೆಯುದ್ದಕ್ಕೂ ಈ ಸೀಮೆಯ ಕಥೆ ಹಲಗೆ ಹಲಗೆಯಾಗಿ ತೂಗುತ್ತದೆ. ಟೆಲಿಗ್ರಾಫ್ ತಂತಿ ಬಂದ ದಿನ, ಶಾಲೆಗೆ ಗಂಟೆ ಬಂದ ದಿನ, ಗೋಧಿ ಹಡಗು ಬಂಡೆಗೆ ಬಡಿದ ದಿನ. ಆಯಾ ದಿನ ಬಂದಾಗ ನಸುಕಿನಲ್ಲೇ ಆ ಹಲಗೆಯ ಅಂಕಿಗಳಿಗೆ ಹೊಸ ಬಣ್ಣ ಬೀಳಬೇಕು. ಜೆಟ್ಟಿಯ ಬಡಗಿಯಾಗಿದ್ದ ಅಪ್ಪನ ಕೆಲಸವದು, ಕುಂಚದ ಜೊತೆ ಮಗಳ ಕೈಗೆ ಬಂತು. ಬೇಕರಿಯಲ್ಲಿ ಹಿಟ್ಟು ನಾದಿ, ಮಾಂಸ ತುಂಬಿದ ಪೇಸ್ಟಿ ಮಡಚಿ ಸವೆದ ಕೈ. "ಬೇಕರಿಯವಳಿಗೆ ಬೇಗ ಏಳೋದು ಯಾರೂ ಹೇಳಿಕೊಡಬೇಕಾಗಿಲ್ಲ," ಎನ್ನುತ್ತಾರೆ.

ದಡದ ಕಡೆಯ ಮೊದಲ ಹಲಗೆಯಲ್ಲಿ ಅಂಕಿಯಿಲ್ಲ, ಒಂದು ಮೀನಿದೆ. ಹಡಗುಗಳಿಗೂ ಮುಂಚಿನಿಂದ ಇಲ್ಲಿರುವ ಜನರ ಹಿರಿಯಳಾದ ಡೊರೀನ್ ಆಂಟಿಯನ್ನು, ನಿಮ್ಮವರು ಬಂದದ್ದು ಯಾವಾಗ ಎಂದು ಅಪ್ಪ ಕೇಳಿದ್ದರಂತೆ. "ಈ ಕಡಲು ಇಲ್ಲಿಗೆ ಬಂದಿದ್ದು ಯಾವತ್ತು ಹೇಳಪ್ಪ, ಆಮೇಲೆ ನಾನು ಹೇಳ್ತೀನಿ," ಎಂದಳಂತೆ ಆಕೆ. ಅಪ್ಪ ಸುಮ್ಮನೆ ಮೀನು ಬರೆದರು.

ಉಳಿದ ದಿನಾಂಕಗಳನ್ನು ನೋಡಿ ಪಟ್ಟಣದಿಂದ ಬಂದವರು ನಗುವುದುಂಟು. ಗೋಧಿ ಹಡಗು ಮುಳುಗಿದ್ದು ಭಾನುವಾರ, ಹಲಗೆಯಲ್ಲಿರುವುದು ಬುಧವಾರ. ವೆರ್ನಾ ವಾದಕ್ಕಿಳಿಯುವುದಿಲ್ಲ. ಸುದ್ದಿ ದಡ ಮುಟ್ಟಿದ ದಿನವೇ ಇಲ್ಲಿಯವರ ಪಾಲಿಗೆ ಅದು ನಡೆದ ದಿನ. ಅಲ್ಲಿಯವರೆಗೆ ಹಡಗಿನವರ ಹೆಂಡತಿಯರು ಸಾರು ಬಿಸಿಮಾಡಿ ಕಾದಿರುತ್ತಾರೆ, ಆ ಮೂರು ದಿನವನ್ನು ಅವರಿಂದ ಕಿತ್ತುಕೊಳ್ಳುವುದು ಹೇಗೆ?

ತುದಿಯ ಹಲಗೆ ವೆರ್ನಾರ ತಮ್ಮ ಕ್ಲೆಮ್‌ನದು. ತಿಳಿಯಾದ ಚಳಿಗಾಲದ ಬೆಳಗೊಂದರಲ್ಲಿ ಏಡಿಬಲೆ ಎತ್ತಲು ಒಬ್ಬನೇ ಹೋದವನು. ದೋಣಿಯ ಚೂರಾಗಲಿ, ಕಾಲಿನ ಬೂಟಾಗಲಿ ಮರಳಲಿಲ್ಲ. ಅವ್ವ ಹಲಗೆಗೆ ಬಿಳಿ ಬಳಿಸಿ ತೂಗುಹಾಕಿಸಿದಳು: ಕಡಲು ಹೇಳಿದ ದಿನ ಬರೆದರಾಯಿತು. ಕಡಲು ಹೇಳುವ ಮೊದಲೇ ಅವ್ವ ಹೋದಳು. ತಮ್ಮ ಹೊರಟ ದಿನ ಬಂದಾಗಲೆಲ್ಲ ಅಕ್ಕ ಬಿಳಿಯ ಮೇಲೆ ಬಿಳಿ ಬಳಿಯುತ್ತಾರೆ.

ಈಗ ಮರದ ಹಲಗೆಗಳೆಲ್ಲ ಇಳಿಯಲಿವೆ. ಹಿತ್ತಾಳೆಯವು ಬರುತ್ತವೆ, ಬಣ್ಣ ಕೇಳದಂಥವು. ಊರಾಡಳಿತದ ಜೋಡಿ ಎಂಬ ಹೆಣ್ಣುಮಗಳು ಮೆತ್ತಗೇ ಹೇಳಿಹೋಗಿದ್ದಾಳೆ: ಖಾಲಿ ಹಲಗೆಗೆ ಜಾಗವಿಲ್ಲ, ಇವತ್ತು ಬೆಳಿಗ್ಗೆ ಅಳತೆಗೆ ಬರುವಷ್ಟರಲ್ಲಿ ಒಂದು ದಿನಾಂಕ ಕೊಡಿ.

ಬೊಂಡಾಸು ಮೀನಿಗೆ ಗಾಳ ಇಳಿಬಿಟ್ಟು ಕೂತ ಮುದುಕ ಡಗ್ ಹಾಸ್ಕಿಂಗ್, ಕ್ಲೆಮ್‌ನ ಜೊತೆಗಾರ, ಡಬ್ಬಿಗಳತ್ತ ನೋಡುತ್ತಾನೆ.

"ಏನು ಹುಡುಗಿ, ಇವತ್ತು ಕರೀದೂ ಬಂದಿದೆ?"

"ಎಪ್ಪತ್ತಾಯ್ತು ನಂಗೆ. ನಿನ್ನ ಗಾಳ ನೋಡ್ಕೋ."

"ಅವನು ಹೊರಟ ದಿನಾನೇ ಬರಿ. ಹೆಸರಾದ್ರೂ ಉಳಿಯುತ್ತೆ."

ವೆರ್ನಾ ಕರಿಯ ಡಬ್ಬಿ ತೆರೆಯುತ್ತಾರೆ. ಕುಂಚ ಅದ್ದುತ್ತಾರೆ. ಅಷ್ಟರಲ್ಲಿ ಬೆಳಕು ನೀರಿನ ಮೇಲೆ ನಡೆದು ಬಂದಂತೆ ಬಂದು ಹಲಗೆಯನ್ನು ಮುಟ್ಟುತ್ತದೆ. ಬಿಳಿ ಹಲಗೆ ತುಂಬ ಹೊಂಬಣ್ಣ. ಕುಂಚದಿಂದ ಒಂದು ಕರಿಹನಿ ಜೆಟ್ಟಿಯ ಸಂದಿನಲ್ಲಿ ಬಿದ್ದು ಕಡಲು ಸೇರುತ್ತದೆ. ಆ ಹನಿಯನ್ನು ಅವರು ಬಹಳ ಹೊತ್ತು ನೋಡುತ್ತಾರೆ. ಆಮೇಲೆ ಕುಂಚ ಒರೆಸಿ, ಮುಚ್ಚಳವನ್ನು ಅಂಗೈಯಿಂದ ಗುದ್ದಿ ಮುಚ್ಚುತ್ತಾರೆ. ಡಗ್ ಎದ್ದು ಬಂದು, ಬಿಳಿ ಡಬ್ಬಿ ಎತ್ತಿ ಹಿಡಿದು ನಿಲ್ಲುತ್ತಾನೆ.

ಅಳತೆಪಟ್ಟಿ ಹಿಡಿದು ಜೋಡಿ ಬರುವಾಗ ಹಲಗೆಯ ಬಿಳಿ ಬಣ್ಣ ಇನ್ನೂ ಹಸಿ. ಏನು ಬರೆಯಲಿ ಎಂದು ಕೇಳುತ್ತಾಳೆ.

"ಬೇರೆಯವನ್ನೆಲ್ಲ ತಗೊಂಡು ಹೋಗಮ್ಮ," ಎನ್ನುತ್ತಾರೆ ವೆರ್ನಾ. "ಇದೊಂದು ಮರದ್ದೇ ಇರಲಿ. ಹಿತ್ತಾಳೆಗೆ ಯಾರೂ ಬರಬೇಕಾಗಿಲ್ಲ. ಇದಕ್ಕೆ ವರ್ಷಕ್ಕೊಂದ್ಸಲ ಯಾರಾದ್ರೂ ಬರ್ಲೇಬೇಕು."

ಜೋಡಿ ಅಳತೆಪಟ್ಟಿ ಸುತ್ತಿ ಜೇಬಿಗಿಟ್ಟು, ಹಸಿ ಬಣ್ಣಕ್ಕೆ ತಾಗದಂತೆ ಬದಿ ಸರಿದು, ಪಕ್ಕದ ಹಲಗೆಯತ್ತ ನಡೆಯುತ್ತಾಳೆ.