ತಾವರಗೇರಾ ಸಂತೆಯಲ್ಲಿ ವರದಕ್ಷಿಣೆ ಚೌಕಾಸಿ

ಗೆಳೆಯರೇ, ನಾನು ಬರೆದ ನಾಟಕದ ಕೊನೆಯನ್ನು ಇಂದು ತಾವರಗೇರಾ ಸಂತೆಯ ಜನ ಬದಲಿಸಿಬಿಟ್ಟರು. ಇನ್ನೂ ಮೈ ಜುಮ್ಮೆನ್ನುತ್ತಿದೆ!

ವರದಕ್ಷಿಣೆಯ ವಿರುದ್ಧ ನಮ್ಮ ಪುಟ್ಟ ತಂಡದ ಬೀದಿನಾಟಕ. ವರನ ಅಪ್ಪನ ಪಾತ್ರಧಾರಿ ಬೈಕ್ ಕೇಳುತ್ತಿದ್ದಂತೆ, ನೋಡುತ್ತ ನಿಂತಿದ್ದ ಹಿರಿಯರೊಬ್ಬರು ರುಮಾಲು ಸರಿಮಾಡಿಕೊಂಡು ನಡುವೆ ಬಂದು ಕುಳಿತೇಬಿಟ್ಟರು.

"ಬೈಕ್ ಭಾಳಾತ್ರಿ ಬೀಗರ. ಒಂದು ಉಂಗುರಕ್ಕ ಮುಗಸ್ರಿ."

ಜನ ಚಪ್ಪಾಳೆ ತಟ್ಟಿದರು. ಹಲಗೆ ಬಾರಿಸಲು ಕುಳಿತಿದ್ದ ನಾನು ಕೈಯಲ್ಲಿದ್ದ ಕೋಲು ಕೆಳಗಿಟ್ಟೆ. ಏನೂ ಕೊಡಬಾರದು ಎನ್ನುವುದೇ ಅಲ್ಲವೇ ನಾಟಕ!

ವಧುವಿನ ಪಾತ್ರದ ರೇಣುಕಾ ಬಿಡಲಿಲ್ಲ. "ಕಾಕಾ, ನಿಮ್ಮ ಮಗಳ ಲಗ್ನದಾಗೂ ಹಿಂಗ ಚೌಕಾಸಿ ಮಾಡಿದ್ರೇನ್ರಿ?"

"ಮಾಡಿದ್ನವ್ವ. ಅವರು ಒಪ್ಪಲಿಲ್ಲ, ಬೈಕ್ ಕೊಟ್ಟೆ." ಅವರ ದನಿ ಇಳಿಯಿತು. "ಈಗ ಕಾರು ಕೇಳಾಕ ಹತ್ಯಾರ."

ಬದನೆಕಾಯಿ ತೂಗುತ್ತಿದ್ದ ಹೆಂಗಸು ಕುಳಿತಲ್ಲಿಂದಲೇ ಕೂಗಿದಳು: "ಏ ತಂಗಿ, ಇನ್ನೇನ್ ನೋಡಾಕ ಹತ್ತಿ? ಎದ್ದು ಹೋಗು!"

ರೇಣುಕಾ ಎದ್ದು ನಡೆದಳು. ಮೊದಲು ದಾರಿ ಬಿಟ್ಟವರು ಆ ಹಿರಿಯರೇ.

ಕೊನೆಯಲ್ಲಿ ವಧು ಹೇಳಲೆಂದು ನಾನು ಒಂದು ಪುಟದ ಭಾಷಣ ಬರೆದಿದ್ದೆ. ಅದನ್ನು ಹೇಳುವ ಮೊದಲೇ ನಾಟಕ ಮುಗಿದಿತ್ತು. ನಾಟಕ ಗೆದ್ದದ್ದು ಬಹುಶಃ ಅದಕ್ಕೇ.