ನಾಲ್ಕಡಿ ದಾರಿ ಕೇಳಿ ಪಡೆದ ಸಣ್ಣಸ್ವಾಮಿ

ಬೆಳಗಿನ ಐದೂವರೆ. ಕುಶಾಲನಗರದ ಹೊರವಲಯದ ಬಡಾವಣೆಯೊಂದರಲ್ಲಿ ಸಣ್ಣಸ್ವಾಮಿ ರಸ್ತೆಯಂಚಿನ ಗುಂಡಿಯ ಚಪ್ಪಡಿ ಸರಿಸಿ, ಕಬ್ಬಿಣದ ಉದ್ದ ಕೀಲಿ ಇಳಿಸಿ ವಾಲ್ವ್ ತಿರುಗಿಸುತ್ತಾರೆ. ಬಗ್ಗಿ ಕೊಂಚ ಹೊತ್ತು ಆಲಿಸುತ್ತಾರೆ. "ಹೋಯ್ತು ನೋಡಿ. ಇನ್ನು ಹತ್ತು ನಿಮಿಷಕ್ಕೆ ಕೊನೆ ಮನೆ ನಲ್ಲೀಲಿ ಬರುತ್ತೆ."

ಐವತ್ತಾರರ ಇವರು ನೀರು ಬಿಡುವ ಕೆಲಸಕ್ಕೆ ಸೇರಿ ಇಪ್ಪತ್ತೆರಡು ವರ್ಷ. ಅರಕಲಗೂಡು ಕಡೆಯಿಂದ ಬಂದು ಇಲ್ಲಿ ಜೋಳ ಬೆಳೆಯುತ್ತಿದ್ದ ಕುಟುಂಬ ಇವರದು. ಕೆಲಸಕ್ಕೆ ಸೇರಿದಾಗ ಎಂಟು ವಾಲ್ವ್ ಇದ್ದವು, ಈಗ ನಲವತ್ತೊಂದು. ಜೋಳದ ಹೊಲಗಳು ಒಂದೊಂದಾಗಿ ಬಡಾವಣೆಗಳಾದವು. ಒಬ್ಬೊಬ್ಬ ಮಾಲೀಕರು ಒಂದೊಂದು ಕಾಲಕ್ಕೆ ಮಾಡಿದ್ದರಿಂದ ಒಂದರ ರಸ್ತೆ ಇನ್ನೊಂದಕ್ಕೆ ಸೇರುವುದೇ ಇಲ್ಲ. "ಹಿಂದ್ಗಡೆ ಮನೇಲಿ ಒಗ್ಗರಣೆ ಹಾಕಿದ್ರೆ ಇಲ್ಲಿ ಸೀನು ಬರುತ್ತೆ. ಹೋಗ್ಬೇಕಂದ್ರೆ ಮಾತ್ರ ಒಂದೂವರೆ ಕಿಲೋಮೀಟ್ರು ಸುತ್ತು," ಎಂದು ನಗುತ್ತಾರೆ.

ಎರಡು ಬಡಾವಣೆಗಳ ನಡುವಿನ ಒಂದೇ ಒಳದಾರಿ ಎಂದರೆ ದೇರಪ್ಪ ಎಂಬವರ ಖಾಲಿ ಸೈಟಾಗಿತ್ತು. ಅಂಗನವಾಡಿಗೆ ಮಕ್ಕಳನ್ನು ಕರೆದೊಯ್ಯುವ ತಾಯಂದಿರೂ ಅದನ್ನೇ ದಾಟುತ್ತಿದ್ದರು. ಕಳೆದ ವರ್ಷ ಮನೆ ಕಟ್ಟಲೆಂದು ದೇರಪ್ಪ ಬೇಲಿ ಹಾಕಿಸಿದರು. ಜಾಗ ಅವರದೇ, ತಪ್ಪೆನ್ನುವಂತಿಲ್ಲ. ಆದರೆ ಎರಡೂ ಕಡೆಯ ವಾಲ್ವ್‌ಗಳಿಗೆ ಸಣ್ಣಸ್ವಾಮಿ ಮತ್ತೆ ಮತ್ತೆ ಸುತ್ತಿ ಹೋಗಬೇಕಾಗಿ, ಹಿಂದಿನ ಬೀದಿಗೆ ನೀರು ಬರುವ ಹೊತ್ತಿಗೆ ಮಕ್ಕಳು ಶಾಲೆಗೆ ಹೊರಟುಬಿಟ್ಟಿರುತ್ತಿದ್ದರು. ಬೈಗುಳವೆಲ್ಲ ಸಣ್ಣಸ್ವಾಮಿಗೆ.

"ಸಂಜೆ ಕಾಲು ಊದ್ಕೊಂಡು ಕೂರೋರು. ಸುಮ್ನೆ ಕೊರಗೋ ಬದ್ಲು ಹೋಗಿ ಕೇಳಿ ಅಂದೆ," ಎನ್ನುತ್ತಾರೆ ಹೆಂಡತಿ ಕಾಳಮ್ಮ.

ಸಣ್ಣಸ್ವಾಮಿ ದೇರಪ್ಪನವರನ್ನು ಕೇಳಿದರು. "ಸಾರ್, ಒಂದಿನ ನನ್ ಜೊತೆ ನಡೀರಿ. ಆಮೇಲೆ ನಿಮ್ಮಿಷ್ಟ."

ಜೊತೆಗೆ ನಡೆದ ಆ ಬೆಳಿಗ್ಗೆಯನ್ನು ದೇರಪ್ಪ ಹೀಗೆ ನೆನೆಯುತ್ತಾರೆ: "ಅರ್ಧ ದಾರೀಲೇ ಮಂಡಿ ಹಿಡೀತು, ಮೋರಿ ಕಟ್ಟೆ ಮೇಲೆ ಕೂತೆ. ಮಗು ಎತ್ಕೊಂಡು ಸುತ್ತಿ ಬರ್ತಿದ್ದ ಒಬ್ಬ ಹೆಂಗಸು, ಹುಷಾರಿಲ್ವಾ ಅಣ್ಣ, ನೀರು ಬೇಕಾ ಅಂತ ಕೇಳಿದ್ರು. ಅವರನ್ನ ಸುತ್ತಿಸ್ತಿರೋದು ನಾನೇ ಅಂತ ಅವ್ರಿಗೆ ಗೊತ್ತಿರ್ಲಿಲ್ಲ. ಮುಖ ಎತ್ತೋಕಾಗ್ಲಿಲ್ಲ."

ಮರುವಾರ ಬೇಲಿಯ ಕಂಬಗಳು ನಾಲ್ಕಡಿ ಒಳಕ್ಕೆ ಸರಿದವು. ಮುಂದೆ ಯಾರೂ ಆ ದಾರಿ ಮುಚ್ಚದಂತೆ ದೇರಪ್ಪ ಬರೆದೂ ಕೊಟ್ಟರು. ಈಗ ಆರೂಕಾಲಿಗೆಲ್ಲ ಹಿಂದಿನ ಬೀದಿಯ ಕೊಡಗಳು ತುಂಬುತ್ತವೆ.

ಊರಾಚೆ ಮತ್ತೊಂದು ಹೊಲದಲ್ಲಿ ಹೊಸ ಬಡಾವಣೆಗೆ ಅಳತೆ ನಡೆಯುತ್ತಿದೆ. ಸಣ್ಣಸ್ವಾಮಿಗೆ ಇರುವುದು ಒಂದೇ ಆಸೆ. "ಗೂಟ ಹೊಡಿಯೋ ಮುಂಚೆ ನನ್ನನ್ನ ಒಂದ್ಸಲ ಕರೀಲಿ. ನಕ್ಷೆ ಓದೋಕೆ ನಂಗೆ ಬರಲ್ಲ. ಆದ್ರೆ ಈ ಊರಲ್ಲಿ ಜನ ಎಲ್ಲಿಂದ ಎಲ್ಲಿಗೆ ನಡೀತಾರೆ ಅನ್ನೋದು ನನ್ನಷ್ಟು ಯಾರಿಗೂ ಗೊತ್ತಿಲ್ಲ."